‘ನಾಳೆ ಬಾ’ ಎಂದು ಬರೆದ ಬಾಗಿಲ ಮುಂದೆ ಎಷ್ಟು ದಿನ ನಿಲ್ಲಬೇಕು?

ಪ್ರಶ್ನೆ: ಸರ್, ನನಗೆ 27 ವರ್ಷ. ಐಟಿಐ ಫಿಟ್ಟರ್ ಮುಗಿಸಿ ನಾಲ್ಕು ವರ್ಷದಿಂದ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್) ಆಪರೇಟರ್ ಆಗಿದ್ದೇನೆ. ಬೇಸಿಕ್, ಡಿಎ ಸೇರಿ 18,200 ರೂಪಾಯಿ. ತಿಂಗಳಿಗೆ 40 ಗಂಟೆ ಓಟಿ ಮಾಡುತ್ತೇನೆ, ಅದರಿಂದ 7,000. ನೈಟ್ ಶಿಫ್ಟ್ ಭತ್ಯೆ 1,500. ಹೋದ ವಾರ ಮ್ಯಾನೇಜರ್ ಕರೆದು, ‘ಪ್ರೋಗ್ರಾಮಿಂಗ್ ವಿಭಾಗಕ್ಕೆ ಬಾ, ಒಂದೂವರೆ ವರ್ಷ ಕಲಿ, ಆಮೇಲೆ 28,000 ಮಾಡಿಕೊಡ್ತೀವಿ’ ಅಂದರು. ಆದರೆ ಕಲಿಯುವಷ್ಟು ದಿನ ಓಟಿ ಇಲ್ಲ, ನೈಟ್ ಇಲ್ಲ. ತಿಂಗಳಿಗೆ 8,500 ಖೋತಾ. ಹೆಂಡತಿಗೆ ಈಗ ಐದು ತಿಂಗಳು. ತಿಂಗಳಿಗೆ 5,000ದ ಚೀಟಿ ಇನ್ನೂ ಹನ್ನೊಂದು ಕಂತು ಇದೆ. ಸೊಸೈಟಿಯಲ್ಲಿ ಒಡವೆ ಸಾಲ ಇದೆ. ಶಿರಾ ಕಡೆ ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಭಾವ, ‘ಕಲಿಯೋದು ಗಿಲಿಯೋದು ಬಿಡು, ಬೈಕಲ್ಲಿ ಡೆಲಿವರಿ ಮಾಡು, ಇವತ್ತಿಂದಾನೇ ಜಾಸ್ತಿ ದುಡ್ಡು’ ಅಂತಾರೆ. ನಮ್ಮಪ್ಪ ಇದ್ದಾಗ ‘ತಾಳಿದವನು ಬಾಳಿಯಾನು’ ಅನ್ನೋರು. ತಾಳಲಾ ಸರ್, ಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಲೆಕ್ಕವನ್ನು ನೀವೇ ಚೆನ್ನಾಗಿ ಬರೆದಿದ್ದೀರಿ. ಬಹಳ ಜನ ‘ಸಂಬಳ ಸಾಲಲ್ಲ ಸರ್’ ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ನಾನೂ ಲೆಕ್ಕದಲ್ಲೇ ಮಾತಾಡುತ್ತೇನೆ. ಅದಕ್ಕೆ ಮುಂಚೆ ನಿಮ್ಮ ತಂದೆಯವರ ಗಾದೆಯ ಬಗ್ಗೆ ಒಂದು ಮಾತು.

ತಾಳಿದವನು ಬಾಳಿಯಾನು. ಸರಿ. ಆದರೆ ಯಾರ ಮಾತು ನಂಬಿ ತಾಳಬೇಕು ಅನ್ನುವುದನ್ನು ಗಾದೆ ಹೇಳುವುದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ತಾಳ್ಮೆ ಕಮ್ಮಿ ಇತ್ತು ಅಂತ ಯಾರೂ ಹೇಳುವ ಹಾಗಿಲ್ಲ, ಅಲ್ವಾ? ಆ ಬಾಗಿಲು ತೆರೆಯುವ ಬಾಗಿಲೇ ಆಗಿರಲಿಲ್ಲ, ಅಷ್ಟೇ.

ನಾನೂ ಒಂದು ಸಲ ಅಂಥ ಬಾಗಿಲ ಮುಂದೆ ನಿಂತವನು. ಡೈ, ಅಂದರೆ ಅಚ್ಚುಗಳನ್ನು ತಯಾರಿಸುವ ಟೂಲ್‌ರೂಮ್ ಕೆಲಸಕ್ಕೆ ಸೇರಿದ ಹೊಸತು. ಅಲ್ಲಿನ ಹಿರಿಯರೊಬ್ಬರು, ‘ಎರಡು ವರ್ಷ ಈ ಸಂಬಳಕ್ಕೆ ದುಡಿ, ಆಮೇಲೆ ನಿನ್ನನ್ನ ಡೈ ಡಿಸೈನ್‌ಗೆ ಕಳಿಸ್ತೀನಿ’ ಅಂದಿದ್ದರು. ಬೇರೆ ಕಡೆಯಿಂದ ಬಂದ ಕೆಲಸ ಬಿಟ್ಟೆ. ಎರಡು ವರ್ಷ ಮೂರಾಯಿತು, ಮೂರು ನಾಲ್ಕಾಯಿತು. ಒಂದು ದಿನ ಆ ಹಿರಿಯರೇ ಕೆಲಸ ಬಿಟ್ಟು ಕೊಯಮತ್ತೂರಿಗೆ ಹೊರಟುಹೋದರು. ಹೊಸದಾಗಿ ಬಂದವರ ಹತ್ತಿರ ಹೋಗಿ ಕೇಳಿದೆ. ‘ಹಾಗಂತ ಯಾರು ಹೇಳಿದ್ದು?’ ಅಂದರು. ಅವರ ತಪ್ಪೇನೂ ಇಲ್ಲ. ಎಲ್ಲೂ ಬರೆದಿರಲಿಲ್ಲವಲ್ಲ. ನಾಲ್ಕು ವರ್ಷ ನಾನು ಕಂಪನಿಯನ್ನು ನಂಬಿ ಕಾದಿರಲಿಲ್ಲ, ಒಬ್ಬ ಮನುಷ್ಯನನ್ನು ನಂಬಿ ಕಾದಿದ್ದೆ. ಆ ವ್ಯತ್ಯಾಸ ಅವತ್ತು ಗೊತ್ತಾಯಿತು.

ಇದರ ಬಗ್ಗೆ ಚೆಂದದ ಒಂದು ಪ್ರಯೋಗ ಇದೆ. ಅದಕ್ಕೂ ಮೊದಲಿನದು ಬಹಳ ಜನಕ್ಕೆ ಗೊತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ಶುರು ಮಾಡಿದ್ದು. ಪುಟ್ಟ ಮಗುವಿನ ಮುಂದೆ ಒಂದು ಸಿಹಿ ಇಟ್ಟು, ‘ಈಗ ತಿಂದರೆ ಒಂದು, ನಾನು ವಾಪಸ್ ಬರೋ ತನಕ ಕಾದರೆ ಎರಡು’ ಅಂತ ಹೇಳಿ ಹೊರಗೆ ಹೋಗುವುದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದರು ಅಂತ ಆಮೇಲೆ ಸುದ್ದಿಯಾಯಿತು. ತರಬೇತಿ ಶಿಬಿರಗಳಲ್ಲಿ ಇದನ್ನು ಇವತ್ತಿಗೂ ಹೇಳುತ್ತಾರೆ: ಕಾಯುವವನು ಗೆಲ್ಲುತ್ತಾನೆ, ಅವಸರಪಡುವವನು ಸೋಲುತ್ತಾನೆ. ಕೇಳಿ ಕೇಳಿ ನನಗಂತೂ ಸಾಕಾಗಿದೆ.

ಅವರು ಹೇಳದೆ ಬಿಡುವುದು ಮುಂದಿನ ಕತೆ. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. 28 ಮಕ್ಕಳು, ಎರಡು ಗುಂಪು. ಸಿಹಿಯ ಆಟಕ್ಕೆ ಮುಂಚೆ ಮಕ್ಕಳಿಗೆ ಚಿತ್ರ ಬಿಡಿಸಲು ಹಳೇ ಬಳಪ ಕೊಟ್ಟು, ‘ಸ್ವಲ್ಪ ಇರು, ಇದಕ್ಕಿಂತ ಒಳ್ಳೇದು ತಂದುಕೊಡ್ತೀನಿ’ ಅಂದರು. ಒಂದು ಗುಂಪಿಗೆ ನಿಜವಾಗಿಯೂ ತಂದುಕೊಟ್ಟರು. ಇನ್ನೊಂದು ಗುಂಪಿನ ಹತ್ತಿರ ಬರಿಗೈಯಲ್ಲಿ ಬಂದು, ‘ಅಯ್ಯೋ, ಇಲ್ಲ ಕಣಮ್ಮ’ ಅಂದರು. ಆಮೇಲೆ ಸಿಹಿ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ. ಇನ್ನು 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ಹಳೇ ಪ್ರಯೋಗವನ್ನೇ ಮತ್ತೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಾಯುವಿಕೆಗೂ ಮುಂದಿನ ಓದಿಗೂ ಇದ್ದ ನಂಟು ಬಹಳ ತೆಳುವಾಯಿತು.

ಆ ಎರಡನೇ ಗುಂಪಿನ ಮಕ್ಕಳು ಬೇಗ ತಿಂದದ್ದು ದಡ್ಡತನ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ‘ಮುಂದಿನ ವಿಚಾರ ಇಲ್ಲ, ಇವತ್ತಿನ ದುಡ್ಡು ಇವತ್ತೇ ಬೇಕು’ ಅಂತ ಬೈಯುತ್ತಾರೆ. ಅವರಿಗೆ ಎಷ್ಟು ಸಲ ಯಾರು ಯಾರು ಬರಿಗೈ ತೋರಿಸಿದ್ದಾರೋ ಯಾರು ಕೇಳುತ್ತಾರೆ?

ಹಾಗಾಗಿ ‘ನನಗೆ ತಾಳುವ ಶಕ್ತಿ ಇದೆಯಾ’ ಎಂಬ ಪ್ರಶ್ನೆ ಬಿಡಿ. ನಾಲ್ಕು ವರ್ಷ ನೈಟ್ ಶಿಫ್ಟ್ ಮಾಡಿದವರಿಗೆ ಅದು ಇದ್ದೇ ಇದೆ. ಎರಡು ವಿಷಯ ನೋಡಿ. ‘ಆಮೇಲೆ ಕೊಡ್ತೀನಿ’ ಅನ್ನುವವರು ಮಾತು ಉಳಿಸಿಕೊಳ್ಳುವವರಾ? ಅಕಸ್ಮಾತ್ ಅವರು ಮಾತು ತಪ್ಪಿದರೂ ನನ್ನ ಕೈಯಲ್ಲಿ ಏನಾದರೂ ಉಳಿಯುತ್ತಾ?

ಈಗ ಲೆಕ್ಕ. ನಿಮಗೆ ಬೇಜಾರಾಗುವ ಭಾಗ ಮೊದಲು ಹೇಳಿಬಿಡುತ್ತೇನೆ.

ತಿಂಗಳಿಗೆ 8,500, ಹದಿನೆಂಟು ತಿಂಗಳು. 1,53,000 ರೂಪಾಯಿ ನಿಮ್ಮ ಜೇಬಿನಿಂದ ಹೋಗುತ್ತೆ. ಈಗ ನಿಮಗೆ ಎಲ್ಲಾ ಸೇರಿ ಬರುತ್ತಿರುವುದು 26,700. ಅವರು ಕೊಡುತ್ತೇವೆ ಅನ್ನುತ್ತಿರುವುದು 28,000. ವ್ಯತ್ಯಾಸ 1,300. ತಿಂಗಳಿಗೆ 1,300ರಂತೆ ಆ ಒಂದೂವರೆ ಲಕ್ಷ ವಾಪಸ್ ಬರಲು ಸುಮಾರು 118 ತಿಂಗಳು ಬೇಕು. ಹತ್ತಿರ ಹತ್ತಿರ ಹತ್ತು ವರ್ಷ. ಆ ಹೊತ್ತಿಗೆ ನಿಮಗೆ 38 ದಾಟಿರುತ್ತೆ. ಬರೀ ಸಂಬಳಕ್ಕೋಸ್ಕರ ಈ ತ್ಯಾಗ ಮಾಡುವುದಾದರೆ ಬೇಡ. ಯಾರೋ ‘ಭವಿಷ್ಯ, ಭವಿಷ್ಯ’ ಅಂದ ಮಾತ್ರಕ್ಕೆ ಕೆಟ್ಟ ವ್ಯಾಪಾರ ಒಳ್ಳೆಯದಾಗುವುದಿಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ನಿಮ್ಮ ಈಗಿನ 26,700 ಇದೆಯಲ್ಲ, ಅದರಲ್ಲಿ ಎರಡು ತರದ ದುಡ್ಡು ಇದೆ. ಓಟಿಗೆ ದುಪ್ಪಟ್ಟು ದರ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತು, ಅದಕ್ಕೇ ಗಂಟೆಗೆ 87 ರೂಪಾಯಿ 50 ಪೈಸೆ ಇರುವ ನಿಮ್ಮ ದರ ಓಟಿಯಲ್ಲಿ 175 ಆಗುತ್ತೆ. ನೋಡಲು ಚೆನ್ನಾಗಿದೆ. ಆದರೆ ಆ 7,000ಕ್ಕೆ ಪಿಎಫ್ ಇಲ್ಲ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಲೆಕ್ಕಕ್ಕೂ ಅದು ಬರುವುದಿಲ್ಲ. ಓಟಿ ಅನ್ನುವುದು ಆ ತಿಂಗಳು ಬಂದು ಆ ತಿಂಗಳೇ ಮುಗಿದುಹೋಗುವ ದುಡ್ಡು.

ಗ್ರಾಚ್ಯುಟಿಯನ್ನೇ ನೋಡಿ. ಐದು ವರ್ಷ ಸರ್ವಿಸ್ ಆದವರಿಗೆ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು. 18,200ಕ್ಕೆ ಅದು ವರ್ಷಕ್ಕೆ 10,500 ಆಗುತ್ತೆ. 28,000ಕ್ಕೆ 16,150 ಚಿಲ್ಲರೆ. ಇದರಲ್ಲಿ ಗಮ್ಮತ್ತು ಏನು ಅಂದರೆ, ಕೊನೆಯ ಸಂಬಳದ ಮೇಲೆ ಹಿಂದಿನ ಎಲ್ಲಾ ವರ್ಷಕ್ಕೂ ಲೆಕ್ಕ ಹಾಕುತ್ತಾರೆ. ಅಂದರೆ ಬೇಸಿಕ್ ಏರಿದ ದಿನ ನೀವು ಆಪರೇಟರ್ ಆಗಿ ದುಡಿದ ಹಳೇ ನಾಲ್ಕು ವರ್ಷದ ಬೆಲೆಯೂ ಏರುತ್ತೆ. ನಿಮಗೆ ಐದು ವರ್ಷ ತುಂಬುವುದು ಈ ತರಬೇತಿಯ ನಡುವೆಯೇ. ಅದಕ್ಕೂ ಮುಂಚೆ ಕೆಲಸ ಬಿಟ್ಟರೆ ಅದೂ ಇಲ್ಲ, ನೆನಪಿರಲಿ.

ಪಿಎಫ್ ಕೂಡ ಹಾಗೆಯೇ, ಆದರೆ ಒಂದು ಷರತ್ತು. ಪೂರ್ತಿ ಬೇಸಿಕ್ ಮೇಲೆ 12% ಕಟ್ಟುವ ಕಂಪನಿಯಾದರೆ ಅವರ ಪಾಲು 2,184ರಿಂದ 3,360ಕ್ಕೆ ಏರುತ್ತೆ. 15,000ದ ಮಿತಿಗೆ ಮಾತ್ರ ಕಟ್ಟುವ ಕಂಪನಿಯಾದರೆ ಈಗಲೂ 1,800, ಆಗಲೂ 1,800. ನಿಮ್ಮ ಪೇಸ್ಲಿಪ್ ತೆಗೆದು ನೋಡಿ, ಗೊತ್ತಾಗುತ್ತೆ.

ಅದಕ್ಕಿಂತ ದೊಡ್ಡ ಮಾತು ಒಂದಿದೆ. ಆರ್ಡರ್ ಬಿದ್ದಾಗ ಮೊದಲು ನಿಲ್ಲುವುದು ಓಟಿ. 2019ರಲ್ಲಿ ವಾಹನ ಮಾರಾಟ ಕುಸಿದಾಗ ಪೀಣ್ಯದಲ್ಲಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೂರು ಶಿಫ್ಟ್ ಎರಡಾಯಿತು, ಎರಡು ಒಂದಾಯಿತು. 2020ರ ಲಾಕ್‌ಡೌನ್ ಬರುವ ಮೊದಲೇ ಓಟಿ ನಂಬಿ ಇಎಂಐ ಮಾಡಿಕೊಂಡವರು ಕಷ್ಟಕ್ಕೆ ಸಿಕ್ಕಿದ್ದರು. ಆದ್ದರಿಂದ ನಿಮ್ಮ 26,700 ಅನ್ನು ಗಟ್ಟಿ ಅಂಕಿ ಅಂತ ಇಟ್ಟುಕೊಳ್ಳಬೇಡಿ. ಗಟ್ಟಿ ಇರುವುದು 18,200.

ಸಮಯದ ಲೆಕ್ಕವೂ ಇದೆ. ತಿಂಗಳಿಗೆ 40 ಗಂಟೆ ಅಂದರೆ ವರ್ಷಕ್ಕೆ 480. ಎಂಟು ಗಂಟೆಯ ಅರವತ್ತು ಶಿಫ್ಟ್. ನೀವು ವರ್ಷಕ್ಕೆ ಎರಡು ತಿಂಗಳಿಗಿಂತ ಜಾಸ್ತಿ ಕೆಲಸದ ದಿನಗಳನ್ನು ಮಾರುತ್ತಿದ್ದೀರಿ. ಎಲ್ಲಾ ಸೇರಿಸಿ ಭಾಗಿಸಿದರೆ ಈಗ ನಿಮ್ಮ ಒಂದು ಗಂಟೆಗೆ ಸಿಗುತ್ತಿರುವುದು 107 ರೂಪಾಯಿ ಚಿಲ್ಲರೆ. ಓಟಿ ಇಲ್ಲದ 28,000ದಲ್ಲಿ 134 ಚಿಲ್ಲರೆ. ಅದೂ ಹಗಲು ಹೊತ್ತು.

ಇಷ್ಟಾದರೂ ನನ್ನ ಕಣ್ಣು ಇರುವುದು 28,000ದ ಮೇಲೆ ಅಲ್ಲ. ನೀವು ಏನು ಕಲಿಯುತ್ತೀರಿ ಅನ್ನುವುದರ ಮೇಲೆ.

ಈಗ ನಿಮ್ಮ ದಿನ ಹೇಗಿರುತ್ತೆ ಅಂತ ನನಗೆ ಗೊತ್ತು. ಡೋರ್ ತೆರೆ, ಏರ್ ಗನ್ನಲ್ಲಿ ಚಿಪ್ಸ್ ಊದು, ಜಾಬ್ ತೆಗೆ, ವೈಸ್ ಒರೆಸು, ಹೊಸ ಜಾಬ್ ಕೂರಿಸು, ಬಿಗಿ, ಡೋರ್ ಮುಚ್ಚು, ಸೈಕಲ್ ಸ್ಟಾರ್ಟ್. ಮತ್ತೆ ಅದೇ. ಹತ್ತಿಪ್ಪತ್ತು ಪೀಸಿಗೊಮ್ಮೆ ಗೇಜ್ ಹಾಕಿ ನೋಡು. ಬೋರ್ ಸೈಜ್ ಹತ್ತು ಮೈಕ್ರಾನ್ ಆಚೀಚೆ ಆದರೆ ಮೆಷಿನ್ ಹೊಂದಿಸುವ ಸೆಟ್ಟರ್‌ನನ್ನು ಕೂಗು. ಆತ ಬಂದು ಆಫ್‌ಸೆಟ್ ಪೇಜ್ ತೆಗೆದು ಒಂದು ಅಂಕಿ ಒತ್ತಿ ಹೋಗುತ್ತಾನೆ. ನಿಮ್ಮ ಕೆಲಸದ ಅರ್ಧ ಬೆವರು ಡೋರಿನ ಹತ್ತಿರ, ಆತನ ಕೆಲಸ ಕಂಟ್ರೋಲ್ ಪ್ಯಾನೆಲ್ ಹತ್ತಿರ. ನಡುವೆ ಇರುವುದು ಮೂರು ಅಡಿ. ಆ ಮೂರಡಿ ದಾಟಲು ಕೆಲವರಿಗೆ ಇಪ್ಪತ್ತು ವರ್ಷವಾದರೂ ಆಗಿಲ್ಲ.

ಪ್ರೋಗ್ರಾಮರ್ ಇನ್ನೂ ಹಿಂದಿನಿಂದ ಶುರು ಮಾಡುತ್ತಾನೆ. ಡ್ರಾಯಿಂಗ್ ಕೈಗೆ ಬಂದಾಗ ಮೊದಲು ಯೋಚಿಸುವುದು ಜೀ ಕೋಡ್ (ಮೆಷಿನ್‌ಗೆ ಕೊಡುವ ಆಜ್ಞೆಗಳು) ಅಲ್ಲ. ಇದನ್ನು ಹಿಡಿಯುವುದು ಹೇಗೆ? ಯಾವ ಮುಖ ಮೊದಲು? ತೆಳು ಗೋಡೆ ಇದ್ದರೆ ಬಿಗಿದಾಗ ಸೊಟ್ಟಗಾಗುತ್ತಾ? ಯಾವ ಟೂಲ್, ಎಷ್ಟು ಉದ್ದ ಹೊರಗೆ? ಇದನ್ನೆಲ್ಲ ಗೊತ್ತುಮಾಡಿಕೊಂಡ ಮೇಲೆ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಟೂಲ್ ಓಡುವ ದಾರಿ ಹಾಕುವುದು ಕಷ್ಟವೇ ಅಲ್ಲ. ಸಾಫ್ಟ್‌ವೇರ್ ಮಾತ್ರ ಕಲಿತು ಬಂದ ಹುಡುಗರು ಇಲ್ಲೇ ಎಡವುವುದು. ನಾಲ್ಕು ವರ್ಷ ಜಾಬ್ ಬಿಗಿದ ನಿಮ್ಮ ಕೈಗೆ ಅದು ಗೊತ್ತು. ಮ್ಯಾನೇಜರ್ ನಿಮ್ಮನ್ನೇ ಕರೆದದ್ದು ಸುಮ್ನೆ ಅಲ್ಲ.

ನಾನು ಟ್ರೈನಿಂಗ್‌ನಲ್ಲಿದ್ದಾಗ ಮೊದಲ ಕೆಲವು ವಾರ ಬರೀ ಫೈಲಿಂಗ್. ಒಂದು ಕಬ್ಬಿಣದ ತುಂಡು ಕೊಟ್ಟು, ಆರು ಮುಖವೂ ಚೌಕ ಬರಬೇಕು ಅಂದರು. ಬೆಳಿಗ್ಗೆಯಿಂದ ಸಂಜೆ ತನಕ ಅರ ಹೊಡೆಯುವುದು. ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿದರೆ ಎಲ್ಲೋ ಒಂದು ಕಡೆ ಕೂದಲಿನಷ್ಟು ಬೆಳಕು ನುಗ್ಗುತ್ತಿತ್ತು. ಅದನ್ನು ತೆಗೆಯಲು ಹೋದರೆ ಇನ್ನೊಂದು ಮೂಲೆ ಇಳಿಯುತ್ತಿತ್ತು. ಅಂಗೈ ಗುಳ್ಳೆ ಎದ್ದು ಒಡೆದು ಗಟ್ಟಿಯಾಯಿತು. ಊರಲ್ಲಿ ನನ್ನ ಜೊತೆಯವರು ಆಗಲೇ ಸಂಬಳ ತರುತ್ತಿದ್ದರು, ನಾನು ಸ್ಟೈಪೆಂಡ್‌ನಲ್ಲಿ ಕಬ್ಬಿಣ ತಿಕ್ಕುತ್ತಿದ್ದೆ. ಒಂದು ದಿನ ತುಂಡು ಎತ್ತಿ ಹಿಡಿದಾಗ ಯಾವ ಕಡೆಯಿಂದಲೂ ಬೆಳಕು ಬರಲಿಲ್ಲ. ಇನ್‌ಸ್ಟ್ರಕ್ಟರ್ ನೋಡಿ, ‘ಸರಿ, ಇಡು’ ಅಂದರು, ಅಷ್ಟೇ. ಆಮೇಲೆ ನಾನು ಹೇಳಿದೆನಲ್ಲ, ಡೈ ಡಿಸೈನ್ ಅಂತ ನಾಲ್ಕು ವರ್ಷ ಕಾಯಿಸಿದರು, ಆ ಮಾತು ಮುರಿದುಬಿತ್ತು. ಆದರೆ ಆ ಕಂಪನಿ ಬಿಟ್ಟು ಹೊರಗೆ ಬಂದಾಗ ಇನ್ನೊಂದು ಟೂಲ್‌ರೂಮ್‌ನವರು ಸರ್ಟಿಫಿಕೇಟ್ ನೋಡುವ ಮೊದಲು ಬೆಂಚ್ ಮುಂದೆ ನಿಲ್ಲಿಸಿ ಒಂದು ಪಂಚ್ ಫಿಟ್ ಮಾಡಲು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಸಿಕ್ಕಿತು.

ಎರಡೂ ನಾನು ಮಾಡಿದ ತ್ಯಾಗವೇ. ಒಂದರ ಫಲ ಇನ್ನೊಬ್ಬರ ಬಾಯಲ್ಲಿತ್ತು, ಅವರು ಊರು ಬಿಟ್ಟಾಗ ಜೊತೆಗೇ ಹೋಯಿತು. ಇನ್ನೊಂದರದು ನನ್ನ ಅಂಗೈಯಲ್ಲಿತ್ತು.

ಆದ್ದರಿಂದ ಮ್ಯಾನೇಜರ್ ಹತ್ತಿರ ಕೂತು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. ‘ಸರ್, ಈ ಒಂದೂವರೆ ವರ್ಷದಲ್ಲಿ ನಾನು ಯಾವ ಯಾವ ಮೆಷಿನ್ ಮೇಲೆ, ಯಾವ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡ್ತೀನಿ? ಯಾರ ಕೈಕೆಳಗೆ?’ ಅಂತ ಕೇಳಿ. ಎಷ್ಟೋ ಕಡೆ ‘ಪ್ರೋಗ್ರಾಮಿಂಗ್ ಟ್ರೈನಿ’ ಅಂತ ಹೆಸರು ಕೊಟ್ಟು ಹಳೇ ಪ್ರೋಗ್ರಾಮ್‌ಗಳ ಫೀಡ್ ತಿದ್ದುವುದು, ಮೆಷಿನ್‌ಗೆ ಲೋಡ್ ಮಾಡುವುದು, ಪ್ರಿಂಟ್ ತೆಗೆದುಕೊಡುವುದು ಇಷ್ಟರಲ್ಲೇ ಕಳೆದುಬಿಡುತ್ತಾರೆ. ಹೊಸ ಡ್ರಾಯಿಂಗ್‌ನಿಂದ ಶುರು ಮಾಡಿ ಮೊದಲ ಪೀಸ್ ಪಾಸ್ ಆಗುವ ತನಕ ನೀವೇ ಮಾಡುವ ಅವಕಾಶ ಇದ್ದರೆ ಅದು ನಿಜವಾದ ಕಲಿಕೆ. ಆ ವಿಭಾಗದಲ್ಲಿ ಈಗಾಗಲೇ ಹೀಗೆ ಬಂದವರು ಇದ್ದಾರಾ ನೋಡಿ. ಇದ್ದರೆ ಕ್ಯಾಂಟೀನ್‌ನಲ್ಲಿ ಒಂದು ಟೀ ಕುಡಿಸಿ ಕೇಳಿ. ಅವರಿಗೆ ಹೇಳಿದ ಟೈಮಿಗೆ ಸಂಬಳ ಏರಿತಾ? ಏರಿದ್ದರೆ ನಿಮ್ಮ ಕಂಪನಿ ಹೊಸ ಬಳಪ ತಂದುಕೊಡುವ ಪೈಕಿ. ಆ ಒಂದು ಟೀ ನನ್ನ ಈ ಉದ್ದ ಉತ್ತರಕ್ಕಿಂತ ಜಾಸ್ತಿ ಹೇಳುತ್ತೆ.

ಎರಡನೆಯದು ಕಾಗದ. ತರಬೇತಿ ಯಾವ ತಾರೀಖಿಗೆ ಶುರು, ಯಾವ ತಾರೀಖಿಗೆ ಮುಗಿಯುತ್ತೆ, ಮುಗಿದ ತಿಂಗಳಿಂದ ಬೇಸಿಕ್ ಎಷ್ಟು, ಹಳೇ ಸರ್ವಿಸ್ ಮುಂದುವರಿಯುತ್ತೆ ಅನ್ನುವ ಮಾತು. ಕೊನೆಯದನ್ನು ಮರೆಯಬೇಡಿ. ಕೆಲವರು ‘ರಾಜೀನಾಮೆ ಕೊಟ್ಟು ಟ್ರೈನಿಯಾಗಿ ಹೊಸದಾಗಿ ಸೇರು’ ಅನ್ನುತ್ತಾರೆ. ಹಾಗಂದರೆ ಒಪ್ಪಬೇಡಿ, ನಿಮ್ಮ ನಾಲ್ಕು ವರ್ಷ ಸೊನ್ನೆಯಾಗುತ್ತೆ. ‘ಕಾಗದ ಕೊಡಿ’ ಅಂತ ಕೇಳಲು ಮುಜುಗರ ಅನ್ನಿಸಿದರೆ, ಭೇಟಿಯ ಸಂಜೆ ನೀವೇ ಒಂದು ಮೇಲ್ ಹಾಕಿ: ‘ಇವತ್ತು ತಾವು ಹೇಳಿದ್ದು ಹೀಗೆ, ಸರಿ ಇದೆಯಾ ತಿಳಿಸಿ.’ ಅವರು ‘ಹೌದು’ ಅಂತ ಒಂದು ಪದ ಬರೆದರೂ ಬಾಯಿಮಾತಿಗಿಂತ ಎಷ್ಟೋ ವಾಸಿ. ಬಾಂಡ್ ಬರೆಸಿಕೊಳ್ಳುವುದಾದರೆ ಎಷ್ಟು ವರ್ಷ, ಎಷ್ಟು ಮೊತ್ತ ಅಂತ ಓದಿ ಸಹಿ ಹಾಕಿ. ಐಟಿಐ ಅಂಕಪಟ್ಟಿಯ ಮೂಲ ಪ್ರತಿಯನ್ನು ಮಾತ್ರ ಯಾರ ಬೀರುವಿಗೂ ಕೊಡಬೇಡಿ.

ಸಂಬಳದ ಬಗ್ಗೆಯೂ ಒಂದು ಮಾತು ಆಡಿ ನೋಡಿ. ಹದಿನೆಂಟು ತಿಂಗಳ ಕೊನೆಗೆ ಒಂದೇ ಸಲ ಏರಿಸುವ ಬದಲು ಆರು ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಮಾಡಬಹುದಾ ಅಂತ ಕೇಳಿ. ಆರನೇ ತಿಂಗಳಲ್ಲಿ ಮಾತಿನ ಪ್ರಕಾರ ಸಾವಿರ ರೂಪಾಯಿ ಏರಿದರೆ ದುಡ್ಡಿಗಿಂತ ಹೆಚ್ಚಾಗಿ, ಬಾಗಿಲು ತೆರೆಯುವಂಥದ್ದೇ ಅಂತ ಗೊತ್ತಾಗುತ್ತೆ. ಏರದಿದ್ದರೆ ನೀವು ಕಳೆದುಕೊಂಡದ್ದು ಆರು ತಿಂಗಳು, ಹದಿನೆಂಟಲ್ಲ.

ಇನ್ನು ಮನೆ. ನಿಜವಾದ ಕಷ್ಟ ಇಲ್ಲೇ ಇರುವುದು.

ಒಪ್ಪುವ ಮುಂಚೆ ಎರಡು ತಿಂಗಳು ಒಂದು ನಾಟಕ ಆಡಿ. ಓಟಿ ಮಾಡಿ, ನೈಟ್ ಮಾಡಿ, ಆದರೆ ಆ 8,500 ಬಂದೇ ಇಲ್ಲ ಅಂದುಕೊಂಡು ಬೇರೆ ಖಾತೆಗೆ ಹಾಕಿಬಿಡಿ. ಬರೀ 18,200ರಲ್ಲಿ, ಅದರಲ್ಲೂ ಪಿಎಫ್ ಹಿಡಿದು ಉಳಿದದ್ದರಲ್ಲಿ, ಮನೆ ನಡೆಸಿ. ಚೀಟಿ ಕಟ್ಟಿ, ಬಾಡಿಗೆ ಕೊಡಿ, ಅಮ್ಮನಿಗೆ ಕಳಿಸಿ. ಯಾವ ವಾರ ಕೈ ಬಿಗಿಯುತ್ತೆ, ಯಾವುದನ್ನು ಬಿಟ್ಟರೂ ನಡೆಯುತ್ತೆ ಅಂತ ಕಾಗದದ ಮೇಲಲ್ಲ, ಅಡುಗೆಮನೆಯಲ್ಲಿ ಗೊತ್ತಾಗಲಿ. ಎರಡು ತಿಂಗಳೂ ಆ ಖಾತೆಗೆ ಕೈ ಹಾಕದೆ ಕಳೆದರೆ 17,000 ಉಳಿದಿರುತ್ತೆ, ಹೆರಿಗೆ ಹೊತ್ತಿಗೆ ಬೇಕಾಗುತ್ತೆ. ಕೈ ಹಾಕಬೇಕಾಗಿ ಬಂದರೆ ಈಗ ಸಮಯ ಅಲ್ಲ ಅಂತ ಅರ್ಥ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಚೀಟಿ ಮುಗಿಯಲು ಹನ್ನೊಂದು ತಿಂಗಳು ಇದೆ ಅಂದಿರಿ. ‘ನಾಲ್ಕೈದು ತಿಂಗಳು ಬಿಟ್ಟು ಸೇರಬಹುದಾ ಸರ್’ ಅಂತ ಕೇಳುವುದೂ ಒಂದು ದಾರಿ.

ಒಂದು ವಿಷಯ ನಿಮ್ಮ ಪರವಾಗಿದೆ, ನೀವು ಗಮನಿಸಿಲ್ಲ ಅನ್ನಿಸುತ್ತೆ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. 2017ರಿಂದ ಇರುವ ಸಂಬಳದ ಮಿತಿ 21,000, ಆ ಲೆಕ್ಕಕ್ಕೆ ಓಟಿ ಸೇರುವುದಿಲ್ಲ. ನೀವು ಒಳಗಿದ್ದೀರಿ. ತರಬೇತಿಯ ಅವಧಿಯಲ್ಲೂ 18,200ರಲ್ಲೇ ಇರುವುದರಿಂದ ಒಳಗೇ ಇರುತ್ತೀರಿ. ಹೆಂಡತಿಯ ಹೆರಿಗೆಯ ಚಿಕಿತ್ಸೆ ಅದರಲ್ಲಿ ಆಗುತ್ತೆ. ಇಲ್ಲಿಯವರೆಗೆ ಅವರ ಹೆಸರು ನಿಮ್ಮ ಕಾರ್ಡಿಗೆ ಸೇರಿಸಿಲ್ಲದಿದ್ದರೆ ಈ ವಾರವೇ ಸೇರಿಸಿ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮಗೆ ದೂರವೇನಲ್ಲ. ಕ್ಯೂ ಉದ್ದ ಇರುತ್ತೆ, ಬೈದುಕೊಳ್ಳುತ್ತೀರಿ, ಆದರೂ ಖಾಸಗಿ ಆಸ್ಪತ್ರೆಯ ಒಂದು ಸಿಸೇರಿಯನ್ ಬಿಲ್ಲು ನಿಮ್ಮ ಎಷ್ಟು ತಿಂಗಳ ಓಟಿ ಅಂತ ಲೆಕ್ಕ ಹಾಕಿ ನೋಡಿ. ಮುಂದೆ ಸಂಬಳ 28,000 ಆದಾಗ, ನಡೆಯುತ್ತಿರುವ ವಂತಿಗೆಯ ಅವಧಿ ಮುಗಿದ ಮೇಲೆ, ಇಎಸ್‌ಐನಿಂದ ಹೊರಗೆ ಬರುತ್ತೀರಿ. ಆಗ ಕಂಪನಿ ಆರೋಗ್ಯ ವಿಮೆ ಮಾಡಿಸುತ್ತಾ ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ. ಸಂಬಳ ಏರಿದ ಖುಷಿಯಲ್ಲಿ ಇದನ್ನು ಮರೆತವರನ್ನು ನೋಡಿದ್ದೇನೆ.

ಒಡವೆ ಸಾಲದ ಬಡ್ಡಿಯನ್ನು ಮಾತ್ರ ಬಾಕಿ ಉಳಿಸಬೇಡಿ. ಅಸಲು ನಿಧಾನವಾಗಿ ತೀರಲಿ. ಕಲಿಯುವ ಕಾಲದಲ್ಲಿ ಕೈಸಾಲ ಮಾಡಿ ಮನೆ ನಡೆಸುವುದಾದರೆ ಕಲಿತದ್ದರ ಲಾಭ ಸಾಲ ಕೊಟ್ಟವನ ಮನೆಗೆ ಹೋಗುತ್ತೆ.

ನಿಮ್ಮ ಭಾವನ ಮಾತು. ಡೆಲಿವರಿ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ಆ ಕೆಲಸದವರಿಗೆ ಸಾಮಾಜಿಕ ಭದ್ರತೆಗೆ ಅಂತ ಕರ್ನಾಟಕದಲ್ಲಿ 2025ರಲ್ಲಿ ಒಂದು ಕಾಯ್ದೆಯೂ ಬಂದಿದೆ. ಆದರೆ ಕೈಗೆ ಬರುವ ದುಡ್ಡಿನಿಂದ ಪೆಟ್ರೋಲ್, ಟೈರ್, ಸರ್ವಿಸ್ ಕಳೆಯಬೇಕು, ಗಾಡಿ ಹಳೇದಾಗುತ್ತೆ, ಮಳೆಗಾಲದಲ್ಲಿ ಜಾರಿ ಬಿದ್ದರೆ ಆ ವಾರ ಸೊನ್ನೆ. ಮುಖ್ಯವಾಗಿ, ಐದು ವರ್ಷ ಆದ ಮೇಲೂ ನೀವು ಮೊದಲ ದಿನ ಬಂದ ಹುಡುಗನ ಪಕ್ಕದಲ್ಲೇ ಹೋಟೆಲ್ ಮುಂದೆ ಕಾಯುತ್ತಿರುತ್ತೀರಿ. ತಿಂಗಳ ಕೊನೆಗೆ ಮನೆಯಲ್ಲಿ ಅಕ್ಕಿ ಇಲ್ಲ ಅನ್ನುವವರಿಗೆ ಅದು ಸರಿಯಾದ ದಾರಿ. ನೀವು ಅಲ್ಲಿಲ್ಲ.

ಕಂಪನಿ ಕಾಗದ ಕೊಡಲ್ಲ, ಏನು ಕಲಿಸುತ್ತೇವೆ ಅಂತಲೂ ಹೇಳಲ್ಲ ಅಂದರೆ? ಆಗ ಓಟಿ ಬಿಡಬೇಡಿ, ಅರ್ಧ ಮಾಡಿ. ತಿಂಗಳಿಗೆ 20 ಗಂಟೆ, 3,500 ರೂಪಾಯಿ ಬಿಟ್ಟಂತಾಯಿತು. ಆ ಗಂಟೆಗಳನ್ನು ಹೊರಗೆ ಕಲಿಯಲು ಹಾಕಿ. ರಾಜಾಜಿನಗರದಲ್ಲಿ ಜಿಟಿಟಿಸಿ ಇದೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಟೂಲ್‌ರೂಮ್, ಅಲ್ಲಿ ಸಿಎನ್‌ಸಿ, ಕ್ಯಾಡ್, ಕ್ಯಾಮ್‌ನ ಸಣ್ಣ ಅವಧಿಯ ಕೋರ್ಸ್‌ಗಳಿವೆ. ಎರಡು ವರ್ಷದ ಐಟಿಐ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಲೂ ಅವಕಾಶ ಇದೆ. ನಿಧಾನದ ದಾರಿ, ಸುಸ್ತಿನ ದಾರಿ. ಆದರೆ ಅದರ ಬಾಗಿಲ ಮೇಲೆ ಮ್ಯಾನೇಜರ್ ಬರೆಯುವಂಥದ್ದು ಏನೂ ಇಲ್ಲ.

ನನ್ನನ್ನು ಕೇಳಿದರೆ, ಕಾಗದ ಸಿಕ್ಕಿ, ಹೊಸ ಡ್ರಾಯಿಂಗ್‌ನಿಂದ ಕಲಿಸುವುದು ನಿಜವಾಗಿ, ಆ ಎರಡು ತಿಂಗಳ ನಾಟಕದಲ್ಲಿ ಮನೆ ನಿಂತರೆ, ಹೋಗಿ. ನಾಳೆ 28,000 ಕೊಡದೆ ಹೋದರೂ ಹೋಗಿದ್ದು ನಷ್ಟವಾಗುವುದಿಲ್ಲ. ಮೂರರಲ್ಲಿ ಒಂದು ಕಮ್ಮಿ ಇದ್ದರೂ ಸ್ವಲ್ಪ ನಿಲ್ಲಿ.

ಪತ್ರದಲ್ಲಿ ಒಂದು ಬಿಟ್ಟುಹೋಗಿದೆ. ಮ್ಯಾನೇಜರ್ ಏನಂದರು, ಭಾವ ಏನಂದರು, ತೀರಿಕೊಂಡ ಅಪ್ಪ ಏನನ್ನುತ್ತಿದ್ದರು, ಎಲ್ಲಾ ಇದೆ. ನಿಮ್ಮ ಹೆಂಡತಿ ಏನಂದರು ಅಂತ ಇಲ್ಲ. ನಾನೂ ಹೀಗೇ ಇದ್ದೆ. ಮಗಳು ಹುಟ್ಟಿದ ಮೇಲೆ ಮೂರು ವರ್ಷ ‘ಇವರಿಗೋಸ್ಕರವೇ ದುಡಿಯುತ್ತಿದ್ದೇನೆ’ ಅಂತ ನೈಟ್ ಮೇಲೆ ನೈಟ್ ಹಾಕಿಸಿಕೊಂಡೆ. ತ್ಯಾಗ ನನ್ನದು ಅಂದುಕೊಂಡಿದ್ದೆ. ರಾತ್ರಿಯೆಲ್ಲಾ ಮಗು ಎತ್ತಿಕೊಂಡು ಓಡಾಡಿ, ಹಗಲು ನಾನು ಮಲಗಿದಾಗ ಅದು ಅಳದ ಹಾಗೆ ಬೀದಿ ಕೊನೆಯ ಗುಡಿಯ ಜಗಲಿಗೆ ಹೋಗಿ ಕೂರುತ್ತಿದ್ದವಳು ಬೇರೆಯವಳು. ಅವಳನ್ನು ಒಂದು ಸಲವೂ ಕೇಳಿರಲಿಲ್ಲ. ಈ ಹದಿನೆಂಟು ತಿಂಗಳಲ್ಲಿ ಕಮ್ಮಿ ದುಡ್ಡಿನಲ್ಲಿ ಅಡುಗೆ ಮಾಡುವವರು ಅವರು, ಆದರೆ ರಾತ್ರಿ ನೀವು ಮನೆಯಲ್ಲಿರುತ್ತೀರಿ. ಅವರ ಲೆಕ್ಕದಲ್ಲಿ ಅದಕ್ಕೆ ಎಷ್ಟು ಬೆಲೆಯೋ, ನಿಮಗಾಗಲಿ ನನಗಾಗಲಿ ಗೊತ್ತಿಲ್ಲ.

ಬರುವ ಭಾನುವಾರ ಓಟಿಗೆ ಹೆಸರು ಕೊಟ್ಟಿದ್ದರೆ ತೆಗೆಸಿಬಿಡಿ. ಎಂಟು ಗಂಟೆಗೆ 1,400 ಹೋಗುತ್ತೆ, ಹೋಗಲಿ. ಈ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಅವರ ಜೊತೆ ಕೂತುಕೊಳ್ಳಿ. ಮ್ಯಾನೇಜರ್ ಸೋಮವಾರವೂ ಅಲ್ಲೇ ಇರುತ್ತಾರೆ.